ಗೊತ್ತಿಲ್ಲ ಅಂದ ಡಾಕ್ಟರು

ವುಯೆಲ್ವಾ ಬಿಸಿಗಲ್ಲನ್ನು ಗಲ್ಲಾಪೆಟ್ಟಿಗೆಯ ಪಕ್ಕ ಕುಕ್ಕಿದ ಸದ್ದಿಗೆ ಪಂಜರದ ಗಿಳಿಗಳೆಲ್ಲ ಒಮ್ಮೆಲೇ ಕಿರುಚಿಕೊಂಡವು. ಸಾಕುಪ್ರಾಣಿ ಅಂಗಡಿಯ ಲುಖಾನ್ಯೊ ತಲೆಯೆತ್ತಿದ. ಕರೆಂಟಿನಲ್ಲಿ ಕಾಯುವ ಆ ಕಲ್ಲನ್ನು ಹಾವಿನ ಜೊತೆ ಅವಳಿಗೆ ಮಾರಿದವನು ಅವನೇ.

“ದುಡ್ಡು ವಾಪಸ್ ಕೊಡಕ್ಕಾಗಲ್ಲ ಅಕ್ಕಾ,” ಎಂದ, ಅವಳು ಬಾಯಿ ತೆರೆಯುವ ಮೊದಲೇ.

“ನಿನ್ನ ದುಡ್ಡು ಯಾರಿಗೆ ಬೇಕು? ನೋಡಿಲ್ಲಿ.” ಕೊರಳಿಗೆ ನೇತುಹಾಕಿಕೊಂಡಿದ್ದ ಬಟ್ಟೆಚೀಲದೊಳಗೆ ಕೈಯಿಟ್ಟು ವುಯೆಲ್ವಾ ಗೊಲಿಡೆ ಎಂದು ಹೆಸರಿಟ್ಟಿದ್ದ ತನ್ನ ಹಾವನ್ನು ಹೊರತೆಗೆದಳು. ಕಿತ್ತಳೆ ಬಣ್ಣದ್ದು, ವಿಷವಿಲ್ಲದ್ದು. ಅವಳ ಮೊಳಕೈಗೆ ನಿಧಾನವಾಗಿ ಸುತ್ತಿಕೊಂಡಿತು. ಮೆಲ್ಲಗೆ ಮಗುಚಿ ಹೊಟ್ಟೆ ತೋರಿಸಿದಳು. ಹುರುಪೆ ಸುಟ್ಟುಹೋಗಿ ಒಳಗಿನ ಎಳೆಗೆಂಪು ಕಾಣುತ್ತಿತ್ತು. ಮೇಲೆ ಮುಲಾಮು ಮಿನುಗುತ್ತಿತ್ತು. “ಹೊಟ್ಟೆ ಬೇಯ್ತಾ ಇದ್ರೂ ಇದಕ್ಕೆ ಗೊತ್ತಾಗಲ್ವಂತೆ. ಬೆಚ್ಚಗಿದೆ ಅಂತ ಕಲ್ಲಿನ ಮೇಲೇ ಮಲಗಿತ್ತು, ಪಾಪದ್ದು.”

“ನೀನೇ ಜಾಸ್ತಿ ಹೊತ್ತು ಹಾಕಿಟ್ಟಿರ್ತೀಯ. ಟ್ಯಾಕ್ಸಿ ಓಡಿಸೋಳಿಗೆ ಹಾವಿನ ಉಸಾಬರಿ ಯಾಕೆ? ಬ್ರೇಕು, ಕ್ಲಚ್ಚು ನೋಡ್ಕೊ ಸಾಕು.”

“ಹಗಲೂ ರಾತ್ರಿ ಉರೀತಾ ಇರ್ಲಿ ಅಂದೋನು ಯಾರು? ನಿಮ್ಮಪ್ಪನಾ?”

ಅವಳ ಬೆನ್ನ ಹಿಂದೆ ಒಬ್ಬ ವಯಸ್ಸಾದ ಹೆಂಗಸು ನಿಂತಿದ್ದಳು. ಚರ್ಚಿನ ಗುರುವಾರದ ಪ್ರಾರ್ಥನೆಗೆ ಹೊರಟ ವೇಷ: ಕೆಂಪು ರವಿಕೆ, ಬಿಳಿ ಟೋಪಿ. ಆಕೆಯ ಬುಟ್ಟಿಯಲ್ಲಿ ತೂತು ಕೊರೆದ ಡಬ್ಬಿ, ಅದರೊಳಗೆ ಬೆರಳು ಗಾತ್ರದ ಹಾವಿನ ಮರಿ. ಡಬ್ಬಿಯ ಪಕ್ಕದಲ್ಲಿ ಅಂಥದೇ ಇನ್ನೊಂದು ಕಲ್ಲು.

“ಅಮ್ಮಾ, ಆ ಕಲ್ಲು ತಗೋಬೇಡಿ,” ಎಂದಳು ವುಯೆಲ್ವಾ.

“ನನ್ನ ಗಿರಾಕಿ ಕೆಡಿಸಬೇಡ!” ಲುಖಾನ್ಯೊ ಗುಡುಗಿದ.

ಹೆಂಗಸು ಅವನ ಕಡೆ ತಿರುಗಿಯೂ ನೋಡಲಿಲ್ಲ. ಗೊಲಿಡೆಯ ಹೊಟ್ಟೆಯ ಹತ್ತಿರ ಕನ್ನಡಕ ತಂದು ದಿಟ್ಟಿಸಿದಳು. “ಮತ್ತೆ ಯಾರನ್ನ ಕೇಳ್ಲಿ ಮಗಳೇ? ಹಾವು ಸಾಕಬೇಕು ಅನ್ನೋ ಆಸೆ ಒಂದು ಬಿಟ್ರೆ ನನಗೇನೂ ತಿಳೀದು. ತನಗೆ ಎಲ್ಲಾ ಗೊತ್ತು ಅಂದ, ಈ ಹುಡುಗ.”

“ಗೊತ್ತಿರೋರಿಗೆ ಈ ಊರಲ್ಲಿ ಬರ ಇಲ್ಲ ಅಮ್ಮಾ. ಇವನಿಗೆ ಗೊತ್ತು. ಫೋನಿನ ಗುಂಪಲ್ಲಿ ಕೇಳಿದೆ, ಅಲ್ಲಿ ಎಲ್ಲಾರಿಗೂ ಗೊತ್ತು. ಒಬ್ಬ ಜೇನುತುಪ್ಪ ಹಚ್ಚು ಅಂದ, ಇನ್ನೊಬ್ಬ ಟೂತ್‌ಪೇಸ್ಟು ಅಂದ. ಅವರಿಬ್ಬರೂ ಅಲ್ಲೇ ಕಿತ್ತಾಡ್ಕೊಂಡ್ರು, ನನ್ನ ಹಾವಿನ ಸುದ್ದಿ ಮರ್ತೇಬಿಟ್ರು. ನಮ್ಮ ಮಾವನಿಗೂ ಗೊತ್ತು. ನಾವು ಮಜೋಲಾ ಕುಲದೋರು, ಹಿರೀಕರು ಕಳಿಸಿದ ಹಾವು ತಾನಾಗಿ ಮನೆಗೆ ಬರಬೇಕೇ ಹೊರತು ಅಂಗಡಿಯಿಂದ ತರೋದಲ್ಲ, ನೆಲಕ್ಕೆ ಬಿಯರ್ ಸುರಿದು ಹಿರೀಕರ ಹತ್ರ ತಪ್ಪಾಯ್ತು ಅನ್ನು ಅಂದ. ಇದು ಅಮೆರಿಕದ ಜಾತಿ ಮಾವ, ನಮ್ಮ ಹಿರೀಕರ ಪರಿಚಯ ಇದಕ್ಕೆಲ್ಲಿಂದ ಬರಬೇಕು ಅಂದೆ.”

ಹೆಂಗಸು ಕಿಸಕ್ಕನೆ ನಕ್ಕಳು. ವುಯೆಲ್ವಾ ನಗಲಿಲ್ಲ. ಗೊಲಿಡೆ ಇಲಿ ಮುಟ್ಟದೆ ಮುದುಡಿ ಬಿದ್ದ ದಿನ ಅವಳ ಕಣ್ಣ ಮುಂದೆ ಬಂದಿತ್ತು. ಅಂದು ಪ್ರಯಾಣಿಕರನ್ನು ನಿಲ್ದಾಣದಲ್ಲೇ ಇಳಿಸಿ, ಹಾವನ್ನು ತೊಡೆಯ ಮೇಲಿಟ್ಟುಕೊಂಡು ಪಶುವೈದ್ಯೆ ಮಬಾಂಡ್ಲಾ ಹತ್ತಿರ ಓಡಿದ್ದಳು. ಡಾಕ್ಟರು ಆಡಿನ ಗೊರಸು ನೋಡುತ್ತಿದ್ದರು. ಕೈತೊಳೆದು ಬಂದು ಹಾವನ್ನು ಮಗುಚಿ ನೋಡಿ, “ನಾನು ನಾಯಿ, ದನ ನೋಡೋಳು. ಹಾವಿನದು ನನಗೆ ಸರಿಯಾಗಿ ಗೊತ್ತಿಲ್ಲ,” ಅಂದರು. ವುಯೆಲ್ವಾ ಚೀಲ ಎತ್ತಿಕೊಂಡು ಎದ್ದೇಬಿಟ್ಟಿದ್ದಳು. “ಎಲ್ಲಿಗೆ ಹೊರಟೆ? ಕೂತ್ಕೊ. ಗೊತ್ತಿರೋರನ್ನ ಕೇಳ್ತೀನಿ,” ಎಂದು ಗದರಿಸಿ ಡಾಕ್ಟರು ಗ್ಕೆಬೆರಾ ಪಟ್ಟಣದ ಹಾವಿನ ವೈದ್ಯರಿಗೆ ಫೋನು ಹಚ್ಚಿದರು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಅವರು ಹೇಳಿದ್ದನ್ನೇ ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಳ್ಳುತ್ತ ಗಾಯ ತೊಳೆದರು. ಹೊರಗೆ ಬಂದು ಟ್ಯಾಕ್ಸಿಯಲ್ಲಿ ಕೂತಮೇಲೆ ವುಯೆಲ್ವಾಗೆ ಅಳು ತಡೆಯಲಾಗಿರಲಿಲ್ಲ.

“ಮಬಾಂಡ್ಲಾ ಡಾಕ್ಟರ ಹತ್ರ ಹೋಗಿ ಅಮ್ಮಾ,” ಎಂದಳು ಈಗ. “ಗೊತ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದೋರು ಈ ಊರಲ್ಲಿ ಅವರೊಬ್ಬರೇ.”

“ಸಾಕು, ನಡಿ ಆಚೆ,” ಲುಖಾನ್ಯೊ ಎದ್ದು ಬಂದ. “ಸೆಕ್ಯುರಿಟಿಯವನನ್ನ ಕರೀತೀನಿ.”

ವುಯೆಲ್ವಾ ನಾಯಿ ಆಹಾರದ ಮೂಟೆಯ ಮೇಲೆ ಕಾಲುಚಾಚಿ ಕೂತಳು. “ಕರಿ. ಬಾಗಿಲಿಗೆ ಅಡ್ಡ ಟ್ಯಾಕ್ಸಿ ನಿಲ್ಲಿಸಿದೀನಿ, ದಾಟ್ಕೊಂಡು ಬರ್ಲಿ. ಇವತ್ತು ಇಲ್ಲಿಗೆ ಹಾವು ಕೊಳ್ಳೋಕೆ ಬಂದ ಒಬ್ಬೊಬ್ಬರಿಗೂ ಈ ಹೊಟ್ಟೆ ತೋರಿಸೋತನಕ ನಾನಂತೂ ಏಳಲ್ಲ.”

ಹೊರಗೆ ಉಳಿದ ಟ್ಯಾಕ್ಸಿಗಳ ಹಾರನ್ ಶುರುವಾಯಿತು. ಯಾರೋ ಅವಳ ಹೆಸರು ಹಿಡಿದು ಬೈದರು. ಅವಳು ಕದಲಲಿಲ್ಲ, ಗೊಲಿಡೆಯ ತಲೆಯನ್ನು ಹೆಬ್ಬೆರಳಿನಿಂದ ನೇವರಿಸುತ್ತ ಕೂತಳು.

ಕೆಂಪು ರವಿಕೆಯ ಹೆಂಗಸು ಬುಟ್ಟಿಯಿಂದ ಕಲ್ಲನ್ನು ತೆಗೆದು ಕೆಳಗಿಟ್ಟಳು. ಮರಿಯ ಡಬ್ಬಿಯನ್ನು ಮಾತ್ರ ಎದೆಗೊತ್ತಿಕೊಂಡಳು.

ಲುಖಾನ್ಯೊನ ದನಿ ಒಮ್ಮೆಲೇ ಮೆತ್ತಗಾಯಿತು. “ಇವಳ ಮಾತು ಕಟ್ಕೋಬೇಡಿ ಅಮ್ಮಾ. ಇಷ್ಟು ವರ್ಷದಿಂದ ಹಾವು ಮಾರ್ತಾ ಇದೀನಿ. ಒಂದೇ ಒಂದು ಹಾವು ವಾಪಸ್ ಬಂದಿಲ್ಲ, ಬೇಕಾದ್ರೆ ಯಾರನ್ನಾದ್ರೂ ಕೇಳಿ.”

“ಸತ್ತಿದ್ದು ಎಲ್ಲಿ ವಾಪಸ್ ಬರುತ್ತೆ ಮಗೂ,” ಎಂದಳು ಆಕೆ. “ನಮ್ಮ ಯಜಮಾನ್ರೂ ಬಂದಿಲ್ಲ.”