ಜೋಗದಲ್ಲಿ ಒಂದು ರೊಟ್ಟಿ

"ತಗೊಳ್ರಿ ಟೀಚರಮ್ಮ, ಸಜ್ಜಿ ರೊಟ್ಟಿ. ಗುರೆಳ್ಳು ಪುಡಿ ಅಂದ್ರ ನಿಮಗ ಜೀವ ಅಂತ ನನ ಮಗಳು ಹೇಳಿದ್ಲು," ಎನ್ನುತ್ತ ದುರುಗಮ್ಮ ರೊಟ್ಟಿ ಚಾಚಿದಳು.

ಎದುರಿಗೆ ಜೋಗದ ನಾಲ್ಕೂ ಧಾರೆ ಧುಮುಕುತ್ತಿದ್ದವು. ಕೊಟ್ಟೂರಿನ ಶಾಲೆಯ ಟೀಚರುಗಳು ದಸರಾ ರಜೆಯಲ್ಲಿ ಟೆಂಪೊ ಮಾಡಿಕೊಂಡು, ಮುರ್ಡೇಶ್ವರದ ಸಮುದ್ರ ನೋಡಿ ಇಲ್ಲಿಗೆ ಬಂದಿದ್ದರು. ಅವರಲ್ಲೊಬ್ಬಳಾದ ಸಂಘಮಿತ್ರಾ ತನ್ನ ತಾಯಿ ದುರುಗಮ್ಮನನ್ನೂ ಕರೆತಂದಿದ್ದಳು. ಗಂಗಾಂಬಿಕಾ ಟೀಚರ್ ರೊಟ್ಟಿ ತೆಗೆದುಕೊಂಡಳು, ನಕ್ಕಳು ಕೂಡ. ತಿನ್ನಲು ಮಾತ್ರ ಮನಸ್ಸು ಒಪ್ಪಲಿಲ್ಲ.

ದುರುಗಮ್ಮನ ಕೇರಿಯಿಂದ ಕಾಳು ಹಸನು ಮಾಡಲು ಬಂದವರು ಗಂಗಾಂಬಿಕಾಳ ಮನೆಯ ಹಿತ್ತಲಲ್ಲೇ ಕುಳಿತು ಉಣ್ಣುತ್ತಾರೆ. ಆ ಕೇರಿಯ ರೊಟ್ಟಿ ಈ ಮನೆಯ ಹೊಸ್ತಿಲು ದಾಟಿದ್ದಿಲ್ಲ. ಹಾಗಂತ ಅವಳೇನು ಕೆಟ್ಟವಳಲ್ಲ. ಎಲ್ಲರೂ ಒಂದೇ ಎನ್ನುವ ವಚನಗಳನ್ನು ಮನಮುಟ್ಟುವಂತೆ ಪಾಠ ಮಾಡುವವಳು. ನಿನ್ನೆ ಅಲೆ ಬಡಿದು ಕಾಲ ಕೆಳಗಿನ ಮರಳು ಜಾರಿದಾಗ ಇದೇ ದುರುಗಮ್ಮನ ರಟ್ಟೆ ಹಿಡಿದು ಬದುಕಿಕೊಂಡಿದ್ದಳು. ಆಗ ಕೇರಿ ನೆನಪಾಗಿರಲಿಲ್ಲ. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎಂದು ಹಿರಿಯರು ಸುಮ್ಮನೆ ಅಂದಿಲ್ಲ.

"ಧಾರಿ ಹತ್ರದಿಂದ ನೋಡಿ ಬರ್ತೀನ್ರಿ," ಎಂದು ಎದ್ದು ಕಂಬಿಯ ಕಡೆ ನಡೆದಳು. ಮರದ ಬುಡದಲ್ಲಿ ಕೋತಿಯೊಂದು ಮರಿಯನ್ನು ಅವುಚಿಕೊಂಡು ಕುಳಿತಿತ್ತು. ಅತ್ತಿತ್ತ ನೋಡಿ ರೊಟ್ಟಿಯನ್ನು ಅದರ ಮುಂದೆ ಎಸೆದಳು. ಕೋತಿ ಕಟಕಟ ಕಡಿಯತೊಡಗಿದಾಗ ಗಂಗಾಂಬಿಕಾ ನಾಚಿಕೆಯಿಂದ ಹಿಡಿಯಷ್ಟಾದಳು. ಅಷ್ಟು ದೂರ ಬಂದು ನೋಡಬೇಕಾದ ಜೋಗ ಕಣ್ಣೆದುರೇ ಇದ್ದರೂ ತಲೆ ಎತ್ತಲಾಗಲಿಲ್ಲ. ಆದರೂ ವಾಪಸು ಬರುವಾಗ ತಿಂದವಳ ಹಾಗೆ ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಹ್ಯಾಂಗಿತ್ರಿ ಅಕ್ಕಾರ, ರೊಟ್ಟಿ?" ಸಂಘಮಿತ್ರಾ ಕೇಳಿದಳು.

"ಭಾಳ ರುಚಿ ಆಗಿತ್ತವಾ."

ಸಂಘಮಿತ್ರಾಳ ಮುಖ ಅರಳಿತು. "ಅವರು ತಿಂತಾರೋ ಇಲ್ಲೋ, ಕೊಡೋದು ಬ್ಯಾಡ ಅಂದ್ಲು ನಮ್ಮವ್ವ. ನಮ್ಮ ಗಂಗಾಂಬಿಕಾ ಅಕ್ಕಾರು ಅಂಥವ್ರಲ್ಲ ಅಂತ ನಾನ ಹೇಳಿದೆ."

ಗಂಗಾಂಬಿಕಾಳಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಮಗಳು ಫೋಟೊಕ್ಕೆ ನಿಲ್ಲಲು ಎದ್ದು ಹೋಗುವವರೆಗೂ ದುರುಗಮ್ಮ ಕಾದಳು. ಆಮೇಲೆ ಬುತ್ತಿಯ ಬಟ್ಟೆ ಬಿಚ್ಚಿ ಇನ್ನೊಂದು ರೊಟ್ಟಿ ತೆಗೆದಳು.

"ಇದನ್ನೂ ತಗೊಳ್ರಿ," ಎಂದಳು ತಗ್ಗಿದ ದನಿಯಲ್ಲಿ. "ಪಾಪ, ಆ ಮರಿಗೆ ಒಂದು ಚೂರೂ ಸಿಗಲಿಲ್ಲ."