ಪ್ರಾಣಕಾಂತ

ಮೂಕಿ ಚಿತ್ರಗಳ ಕಾಲದಲ್ಲಿ ತುಳಸಾಬಾಯಿಯ ಪ್ರಣಯ ದೃಶ್ಯವೆಂದರೆ ಜನ ಮುಗಿಬೀಳುತ್ತಿದ್ದರು. ನಾಯಕ ಶೇಷಗಿರಿಯ ಎದೆಗೊರಗಿ, ಕಣ್ಣರಳಿಸಿ ಅವಳು ಹೇಳುತ್ತಿದ್ದುದು ಮಾತ್ರ, "ಮತ್ತೆ ಈರುಳ್ಳಿ ತಿಂದು ಬಂದಿದ್ದೀಯಲ್ಲೋ ಕತ್ತೆ."

ಅವನೂ ಅಷ್ಟೇ ಮೋಹಕವಾಗಿ ನಕ್ಕು, "ಕಾಲು ತುಳೀಬೇಡ ಕಣೇ ಎಮ್ಮೆ" ಎನ್ನುತ್ತಿದ್ದ. ಚಿತ್ರಕ್ಕೆ ದನಿಯೇ ಇಲ್ಲದ್ದರಿಂದ ನೋಡಿದವರು ಕಣ್ಣೊರೆಸಿಕೊಂಡು ಮನೆಗೆ ಹೋಗುತ್ತಿದ್ದರು. ವರ್ಷಗಟ್ಟಲೆ ಅವರ ಒಲುಮೆ ನಡೆದದ್ದೇ ಹೀಗೆ.

ಅಷ್ಟರಲ್ಲಿ ಟಾಕಿ ಬಂತು. ಮಾತು ಸರಿಯಿಲ್ಲವೆಂದು ಎಷ್ಟೋ ನಟಿಯರು ಮನೆ ಸೇರಿದರು. ತುಳಸಾಬಾಯಿ ಶಾಸ್ತ್ರಿಗಳೊಬ್ಬರ ಬಳಿ ತಿಂಗಳುಗಟ್ಟಲೆ ಉಚ್ಚಾರ ತಿದ್ದಿಕೊಂಡು, ಮೈಕಿನ ಮುಂದೆ ನಿಂತಳು.

"ಪ್ರಾಣಕಾಂತ, ನಿಮ್ಮ ಹೊರತು ನನಗೆ ಇನ್ನಾರಿದ್ದಾರೆ?"

ಒಂದಕ್ಷರವೂ ತಪ್ಪಲಿಲ್ಲ. ಆದರೆ ಶೇಷಗಿರಿ ಬಿಳಿಚಿಕೊಂಡು ಹಿಂದೆ ಸರಿದ. ಮತ್ತೆ ಹೇಳಿಸಿದರು. ಅವನು ಇನ್ನಷ್ಟು ಸರಿದ. ತನ್ನ ದನಿಯೇ ಕೆಟ್ಟದ್ದೆಂದು ತುಳಸಾಬಾಯಿಗೆ ಕಣ್ಣು ತುಂಬಿ ಬಂತು.

"ಯಾಕ್ರೀ, ನಿಮ್ಮ ಮಾತು ಮರೆತುಹೋಯ್ತಾ?" ನಿರ್ದೇಶಕರು ಅವನನ್ನು ಕೇಳಿದರು.

"ಮಾತು ಹಾಗಿರ್ಲಿ ಸ್ವಾಮಿ," ಎಂದ ಶೇಷಗಿರಿ. "ಇವಳು ನನ್ನ ಮೇಲೆ ಇಷ್ಟೊಂದು ಮುನಿಸಿಕೊಳ್ಳೋಕೆ ನಾನೇನು ತಪ್ಪು ಮಾಡಿದೆ, ಅದನ್ನ ಮೊದಲು ಕೇಳಿ."