ಕುದುರೆ ಮೇಲಿನ ಮುದುಕ

"ಯಾರ್ರಿ ಈ ಮುದುಕ?" ನೀರು ಕೇಳಲು ಬಂದ ಕುರಿಗಾರ ಬೀರಣ್ಣ ಬಾಗಿಲಲ್ಲೇ ನಿಂತು ಟಿವಿ ನೋಡಿದ. ಅದರಲ್ಲಿ ಮುದುಕನೊಬ್ಬ ಒಬ್ಬಂಟಿಯಾಗಿ ಕುದುರೆಯೇರಿ ಹೊರಟಿದ್ದ.

"ಹಾಲಿವುಡ್ ನಟ. ಸಿನಿಮಾ ಮಾಡಿದಾಂವನೂ ಅಂವನ. ಅಂವನ ಸಿನಿಮಾದಾಗ ಇದ ಭಾರಿ" ಎಂದ ಹಣಮಂತ್ರಾಯ. ಕಾಲುವೆ ಕೆಲಸ ಮುಗಿದು ಎಲ್ಲರೂ ವರ್ಗವಾದ ಮೇಲೆ ಕೆಂಭಾವಿ ಕ್ಯಾಂಪಿನಲ್ಲಿ ಉಳಿದವನು ಗುಮಾಸ್ತನಾದ ಅವನೊಬ್ಬನೇ. ಆ ನಟನ ಕ್ಯಾಸೆಟ್‌ಗಳನ್ನೇ ದಿನವೂ ನೋಡುತ್ತಿದ್ದ.

"ತಾನ ಮಾಡ್ಯಾನಂದ್ರ, ಜೋಡಿಗಿ ಯಾರನ್ನರ ಇಟ್ಕೋಬೇಕಿತ್ತಲ್ರಿ?"

ಹಣಮಂತ್ರಾಯ ತಂಬಿಗೆ ನೀರು ಕೊಟ್ಟು, "ಇನ್ನರ್ಧ ಐತಿ, ಕುಂದ್ರು" ಎಂದ.

"ಕುರಿ ಮುಂದ ಹೋಗ್ಯಾವ್ರಿ." ಬೀರಣ್ಣ ನೀರು ಕುಡಿದು ಕಾಲುವೆ ದಂಡೆ ಹಿಡಿದು ನಡೆದ.

ಹಣಮಂತ್ರಾಯ ಪರದೆಯನ್ನೇ ನೋಡುತ್ತ ಕುಳಿತ. ಆಮೇಲೆ ಟಿವಿ ಆರಿಸಿ, ಚಪ್ಪಲಿ ಮೆಟ್ಟಿ ಹೊರಗೆ ಬಂದು ಕೂಗಿದ: "ತಡಿಯೋ ಬೀರಣ್ಣ, ನಾನೂ ಬರ್ತೀನಿ!"